ಅಮೆರಿಕದಲ್ಲಿ ಸಿಪಿಎಸ್ ಬಾಗಿಲು ತಟ್ಟಿದರೆ: ತನಿಖೆ ಹೇಗೆ ನಡೆಯುತ್ತೆ, ನಿಮ್ಮ ಹೆಸರು ಎಲ್ಲಿ ಉಳಿಯುತ್ತೆ

ಎರಡನೇ ಕ್ಲಾಸಿನ ಮಗು ಶಾಲೆಯಿಂದ ಬಂದು ಬ್ಯಾಗ್ ಬಿಸಾಡಿ, "ಅಮ್ಮಾ, ಇವತ್ತು ಒಬ್ರು ಆಂಟಿ ಬಂದಿದ್ರು, ಮನೇಲಿ ಯಾರಾದ್ರೂ ಹೊಡೀತಾರಾ ಅಂತ ಕೇಳಿದ್ರು" ಅನ್ನುತ್ತೆ. ಅಮ್ಮನಿಗೆ ಕೈಕಾಲೇ ಆಡುವುದಿಲ್ಲ. ಸಂಜೆ ನೋಡಿದರೆ ಬಾಗಿಲ ಸಂದಿಯಲ್ಲಿ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತದ) ಸೋಶಿಯಲ್ ವರ್ಕರ್ ಒಬ್ಬರ ಕಾರ್ಡು. ಎಷ್ಟೋ ಮನೆಗಳಿಗೆ ಸಿಪಿಎಸ್, ಅಂದರೆ ಮಕ್ಕಳ ಮೇಲಿನ ದೌರ್ಜನ್ಯದ ದೂರುಗಳನ್ನು ತನಿಖೆ ಮಾಡುವ ಚೈಲ್ಡ್ ಪ್ರೊಟೆಕ್ಟಿವ್ ಸರ್ವಿಸಸ್, ಪರಿಚಯವಾಗುವುದು ಹೀಗೆಯೇ.

ಆಗ ಎಲ್ಲರ ತಲೆಗೆ ಮೊದಲು ಬರುವುದು ಒಂದೇ ಭಯ: ಮಗುವನ್ನು ಕಿತ್ಕೊಂಡು ಹೋಗ್ತಾರಾ? ಹೆಚ್ಚಿನ ಪ್ರಕರಣಗಳು ಅಲ್ಲಿಯವರೆಗೆ ಹೋಗುವುದಿಲ್ಲ. ಆದರೆ ತನಿಖೆ ಮುಗಿದ ಮೇಲೆ ಅಂಚೆಯಲ್ಲಿ ಒಂದು ಕಾಗದ ಬರಬಹುದು. ಅದನ್ನು "ಸದ್ಯ ಮುಗೀತಲ್ಲ" ಅಂತ ಓದದೆ ಡ್ರಾಯರಿಗೆ ಹಾಕಿದರೆ, ಜೀವಮಾನವಿಡೀ ಹೆಸರಿಗೆ ಅಂಟಿಕೊಳ್ಳುವ ದಾಖಲೆಯನ್ನು ಪ್ರಶ್ನಿಸುವ ಅವಕಾಶ ಕೈತಪ್ಪಿ ಹೋಗುತ್ತೆ. ಈ ಲೇಖನ ಬರೆಯುತ್ತಿರುವುದೇ ಆ ಕಾಗದದ ಸಲುವಾಗಿ.

ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಇಲ್ಲಿ ಹೇಳುತ್ತಿರುವುದು ಕ್ಯಾಲಿಫೋರ್ನಿಯಾದ್ದು. ಸಾಂಟಾ ಕ್ಲಾರಾ, ಅಲಮೀಡಾ ಕೌಂಟಿಗಳಲ್ಲಿ ನಮ್ಮವರು ಜಾಸ್ತಿ ಇದ್ದಾರೆ, ಅದಕ್ಕೇ. ಇದು ಓದಿ ತಿಳಿದುಕೊಳ್ಳಲಿಕ್ಕೆ ಮಾತ್ರ. ನಿಮ್ಮ ಮನೆಗೇ ಬಂದಿದ್ದರೆ ವಕೀಲರನ್ನು ಕೇಳಲೇಬೇಕು.

ಕರೆ ಮಾಡುವವರು ಯಾರು

ಶಿಕ್ಷಕರು, ಡಾಕ್ಟರು, ನರ್ಸು, ಡೇಕೇರ್ ಸಿಬ್ಬಂದಿ ಇವರೆಲ್ಲ ಕಾನೂನಿನ ಪ್ರಕಾರ ವರದಿ ಮಾಡಲೇಬೇಕಾದವರು. ಇದಕ್ಕೆ ಸಾಕ್ಷಿ ಬೇಕಿಲ್ಲ, ಸಮಂಜಸವಾದ ಅನುಮಾನ ಸಾಕು. ತಕ್ಷಣ ಫೋನ್ ಮಾಡಬೇಕು, 36 ಗಂಟೆಯೊಳಗೆ ಬರವಣಿಗೆಯಲ್ಲೂ ಕೊಡಬೇಕು. ಮಾಡದೆ ಸುಮ್ಮನಿದ್ದರೆ ಅವರಿಗೇ ಆರು ತಿಂಗಳವರೆಗೆ ಜೈಲು ಅಥವಾ 1,000 ಡಾಲರ್‌ವರೆಗೆ ದಂಡ. ಹಾಗಾಗಿ "ಆ ಟೀಚರ್‌ಗೆ ನಮ್ಮ ಮೇಲೇನು ದ್ವೇಷ?" ಅಂತ ಕೊರಗಬೇಡಿ. ಹೋಗಿ ಜಗಳವಂತೂ ಆಡಲೇಬೇಡಿ. ನೆರೆಮನೆಯವರು ಹೆಸರು ಹೇಳದೆಯೂ ಕರೆ ಮಾಡಬಹುದು. ಯಾರು ಕರೆ ಮಾಡಿದ್ದು ಅಂತ ಕೌಂಟಿ ನಿಮಗೆ ಹೇಳುವುದಿಲ್ಲ.

ಇಡೀ ದೇಶದಲ್ಲಿ ವರ್ಷಕ್ಕೆ ಇಂಥ 40 ಲಕ್ಷಕ್ಕೂ ಹೆಚ್ಚು ದೂರು ಹೋಗುತ್ತವೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ, ಅಮೆರಿಕದ ಶೇ. 37ರಷ್ಟು ಮಕ್ಕಳು 18 ತುಂಬುವುದರೊಳಗೆ ಒಮ್ಮೆಯಾದರೂ ಸಿಪಿಎಸ್ ತನಿಖೆ ಕಂಡಿರುತ್ತಾರೆ. ನಾಚಿಕೆಯಿಂದ ಯಾರಿಗೂ ಹೇಳದೆ ಒಳಗೊಳಗೇ ಒದ್ದಾಡುವಂಥ ಅಪರೂಪದ ಸಂಗತಿ ಇದಲ್ಲ.

ನಮ್ಮ ಮನೆಗಳಲ್ಲಿ ಎಡವಟ್ಟಾಗುವ ಕೆಲವು ಜಾಗಗಳಿವೆ. ಒಂದು, ಹೊಡೆಯುವುದು. ಕ್ಯಾಲಿಫೋರ್ನಿಯಾದಲ್ಲಿ ಮಗುವಿನ ವಯಸ್ಸಿಗೆ ತಕ್ಕ ಹಾಗೆ ಕುಂಡಿಗೆ ಒಂದು ಏಟು ಕೊಟ್ಟು, ಗಂಭೀರ ಗಾಯ ಆಗದಿದ್ದರೆ ಅದನ್ನು ಮಕ್ಕಳ ಕೋರ್ಟಿನ ಕಾನೂನು ಗಂಭೀರ ಹಾನಿ ಎಂದು ಎಣಿಸುವುದಿಲ್ಲ. ಆದರೆ ಬೆಲ್ಟು, ಸೌಟು, ಹ್ಯಾಂಗರ್, ಚಪ್ಪಲಿ ಕೈಗೆ ಬಂತು, ಮೈಮೇಲೆ ಗುರುತು ಉಳೀತು ಅಂದರೆ ಕಥೆಯೇ ಬೇರೆ. ಇನ್ನೊಂದು, ಬರೆ. ಊರಿಗೆ ಹೋದಾಗ ಕೂಸಿಗೆ ಕಾಮಾಲೆಗೋ ಬಾಲಗ್ರಹಕ್ಕೋ ಬರೆ ಹಾಕಿಸಿಕೊಂಡು ಬಂದರೆ, ಇಲ್ಲಿನ ಮಕ್ಕಳ ಡಾಕ್ಟರಿಗೆ ಅದು ಸುಟ್ಟ ಗಾಯವಾಗಿಯೇ ಕಾಣುತ್ತೆ. "ನಮ್ಮ ಕಡೆ ಪದ್ಧತಿ" ಅನ್ನುವ ಸಮಜಾಯಿಷಿ ನಡೆಯುವುದಿಲ್ಲ. ನನ್ನ ಕೇಳಿದರೆ, ನಡೆಯಲೂಬಾರದು.

ಮೂರನೆಯದು ತಪ್ಪೇ ಅಲ್ಲದ್ದು. ನಮ್ಮ ಕೂಸುಗಳಿಗೆ ಹುಟ್ಟುವಾಗಲೇ ಬೆನ್ನಿನ ಕೆಳಗೆ, ಕುಂಡಿಯ ಮೇಲೆ ನೀಲಿ-ಬೂದು ಬಣ್ಣದ ಮಚ್ಚೆ ಇರುತ್ತೆ ಅಲ್ವಾ? ವರ್ಷಗಳು ಕಳೆದ ಹಾಗೆ ತಾನಾಗಿ ಮಾಸುತ್ತೆ. ಗೊತ್ತಿಲ್ಲದವರಿಗೆ ಅದು ಹೊಡೆದು ಕಂದಿದ ಹಾಗೆ ಕಾಣಬಹುದು. ಡೇಕೇರ್‌ನಲ್ಲಿ ಡಯಾಪರ್ ಬದಲಿಸುವವರು ಹೆದರಿ ಕರೆ ಮಾಡಿಬಿಡಬಹುದು. ಮೊದಲ ಚೆಕಪ್‌ನಲ್ಲೇ ಡಾಕ್ಟರಿಗೆ ಮಚ್ಚೆ ತೋರಿಸಿ, ಎಲ್ಲಿದೆ, ಎಷ್ಟು ಅಗಲ ಅಂತ ಚಾರ್ಟಿನಲ್ಲಿ ಬರೆಸಿ. ಡೇಕೇರ್‌ಗೆ ಸೇರಿಸುವಾಗ ಅದರ ಒಂದು ಪ್ರತಿ ಕೊಡಿ. ಐದು ನಿಮಿಷದ ಕೆಲಸ.

ಮಗುವನ್ನು ಮನೆಯಲ್ಲಿ ಒಂಟಿಯಾಗಿ ಬಿಡಲು ಇಷ್ಟೇ ವಯಸ್ಸು ಅಂತ ಕ್ಯಾಲಿಫೋರ್ನಿಯಾದಲ್ಲಿ ನಿಗದಿ ಇಲ್ಲ. ಕಾರಿಗೆ ಮಾತ್ರ ನಿಯಮ ಇದೆ. 6 ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಗು ಕಾರಿನಲ್ಲಿದ್ದು, ಎಂಜಿನ್ ಓಡುತ್ತಿದ್ದರೆ, ಕೀಲಿ ಅದರಲ್ಲೇ ಇದ್ದರೆ ಅಥವಾ ಬಿಸಿಲಿನಂಥ ಅಪಾಯ ಇದ್ದರೆ, ಜೊತೆಗೆ 12 ವರ್ಷ ತುಂಬಿದ ಯಾರಾದರೂ ಇರಲೇಬೇಕು. "ಇಂಡಿಯನ್ ಸ್ಟೋರ್‌ನಿಂದ ಕೊತ್ತಂಬರಿ ಸೊಪ್ಪು ತಂದುಬಿಡ್ತೀನಿ, ಎರಡೇ ನಿಮಿಷ" ಅಂತ ಹೋಗಿ ಸಿಕ್ಕಿಬೀಳುವುದು ಇಲ್ಲೇ.

ಮೊದಲ ಭೇಟಿ

ಕರೆ ಬಂದ ಕೂಡಲೇ ಕೌಂಟಿಯ ಹಾಟ್‌ಲೈನ್‌ನವರು ಅದನ್ನು ಜರಡಿ ಹಿಡಿಯುತ್ತಾರೆ. ಕೆಲವು ದೂರು ಅಲ್ಲೇ ಮುಗಿಯುತ್ತವೆ. ಉಳಿದವಕ್ಕೆ ಎರಡು ಗಡುವು: ತುರ್ತು ಅನ್ನಿಸಿದರೆ 24 ಗಂಟೆ, ಇಲ್ಲದಿದ್ದರೆ 10 ದಿನ. ಅಷ್ಟರೊಳಗೆ ಸೋಶಿಯಲ್ ವರ್ಕರ್ ಖುದ್ದಾಗಿ ಬಂದು ಮಗುವನ್ನು ನೋಡಬೇಕು.

ಬಾಗಿಲಲ್ಲಿ ನಿಂತವರ ಹೆಸರು, ಗುರುತಿನ ಚೀಟಿ, ಮೇಲಧಿಕಾರಿಯ ಫೋನ್ ನಂಬರ್ ಕೇಳಿ ಬರೆದುಕೊಳ್ಳಿ. ಆರೋಪ ಏನು ಅಂತ ಕೇಳಿ. ತುರ್ತು ಅಪಾಯ ಇಲ್ಲದಿದ್ದರೆ ನಿಮ್ಮ ಒಪ್ಪಿಗೆ ಅಥವಾ ಕೋರ್ಟಿನ ವಾರಂಟ್ ಇಲ್ಲದೆ ಅವರು ಒಳಗೆ ಬರುವಂತಿಲ್ಲ. 1999ರಲ್ಲೇ ಕ್ಯಾಲಿಫೋರ್ನಿಯಾದ ಒಂದು ಪ್ರಕರಣದಲ್ಲಿ ಫೆಡರಲ್ (ಅಂದರೆ ಕೇಂದ್ರದ) ಮೇಲ್ಮನವಿ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಕ್ಕು ಇದೆ ಅಂತ ಮುಖಕ್ಕೆ ಬಾಗಿಲು ಹಾಕಬೇಕೆಂದಲ್ಲ. ಹಾಗೆ ಮಾಡಿದರೆ ಅವರ ಅನುಮಾನ ಹೆಚ್ಚುತ್ತೆ, ವಾರಂಟ್ ತರುತ್ತಾರೆ. ಹೊರಗೆ ಬಂದು ನಿಂತು, "ನಾವು ಸಹಕರಿಸ್ತೀವಿ, ವಕೀಲರ ಹತ್ತಿರ ಮಾತಾಡಿ ನಾಳೆ ಹೊತ್ತು ಹೇಳ್ತೀವಿ" ಅಂತ ಸಮಾಧಾನವಾಗಿ ಹೇಳಬಹುದು. ಮಗು ಚೆನ್ನಾಗಿರುವುದು ಅವರ ಕಣ್ಣಿಗೆ ಬಿದ್ದರೆ ಒಳ್ಳೆಯದು. ಅದರಿಂದಲೇ ಅರ್ಧ ಬಿಗಿ ಸಡಿಲವಾಗುತ್ತೆ.

ಇನ್ನೊಂದು ಮಾತು ಮರೆಯಬೇಡಿ. ಸಿಪಿಎಸ್‌ನವರು ಪೊಲೀಸರಲ್ಲ. ಆದರೆ ಅವರಿಗೆ ಹೇಳಿದ್ದು ಪೊಲೀಸರಿಗೆ ತಲುಪಬಹುದು. ಸುಳ್ಳು ಹೇಳಬೇಡಿ. ಕೇಳದ್ದನ್ನೆಲ್ಲ ಗಾಬರಿಯಲ್ಲಿ ಒದರಲೂ ಬೇಡಿ.

ಒಳಗೆ ಬಂದರೆ ನೋಡುವುದು ಸಾಮಾನ್ಯ ಸಂಗತಿಗಳನ್ನೇ: ತಿನ್ನಲು ಏನಾದರೂ ಇದೆಯಾ, ಮಲಗುವ ಜಾಗ ಎಲ್ಲಿ, ಮಾತ್ರೆ, ಫಿನೈಲ್ ಮಗುವಿನ ಕೈಗೆ ಸಿಗುತ್ತಾ, ಈಜುಕೊಳಕ್ಕೆ ಬೇಲಿ ಇದೆಯಾ. ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಡಬ್ಬ, ನಿನ್ನೆಯ ಸಾರು, ಹಾಲು, ಹಣ್ಣು ಇದ್ದರೆ ಧಾರಾಳ. ಅವರಿಗೆ ಕಾಣಲಿ ಅಂತ ಪಿಜ್ಜಾ ತಂದಿಡುವ ಅಗತ್ಯ ಇಲ್ಲ. ದೊಡ್ಡ ಮಗು ಅಪ್ಪ ಅಮ್ಮನ ಪಕ್ಕ ಮಲಗುತ್ತೆ ಅಂತ ಹೇಳಲು ಸಂಕೋಚ ಬೇಡ. ವರ್ಷ ತುಂಬದ ಕೂಸಾದರೆ ಮಾತ್ರ ಬೇರೆ ತೊಟ್ಟಿಲು ಅಥವಾ ಕ್ರಿಬ್ ಇರಲಿ. ಇಲ್ಲಿನ ಮಕ್ಕಳ ಡಾಕ್ಟರುಗಳು ಹೇಳುವುದೂ ಅದನ್ನೇ.

ಮಗುವನ್ನು ನಿಮ್ಮಿಂದ ಬೇರೆ ಕೂರಿಸಿಯೇ ಮಾತಾಡಿಸುತ್ತಾರೆ. ಶಾಲೆಯಲ್ಲಿ ನಿಮಗೆ ಹೇಳದೆಯೂ ಮಾತಾಡಿಸಬಹುದು. ಆಗ ತನಗೆ ಇಷ್ಟವಾದ ಶಾಲಾ ಸಿಬ್ಬಂದಿಯೊಬ್ಬರು ಪಕ್ಕದಲ್ಲಿರಲಿ ಅಂತ ಕೇಳುವ ಹಕ್ಕು ಮಗುವಿಗಿದೆ. ಮೊದಲೇ ಹೀಗೆ ಹೇಳು, ಹಾಗೆ ಹೇಳು ಅಂತ ಪಾಠ ಹೇಳಿಕೊಡಬೇಡಿ. ಏಳು ವರ್ಷದ ಮಗು ಬಾಯಿಪಾಠ ಒಪ್ಪಿಸುವುದು ಅವರಿಗೆ ಎರಡನೇ ವಾಕ್ಯದಲ್ಲೇ ಗೊತ್ತಾಗುತ್ತೆ.

ಅಜ್ಜಿ ಮನೆಯಲ್ಲಿದ್ದರೆ

ಇದಕ್ಕೊಂದು ಪ್ರತ್ಯೇಕ ಜಾಗ ಬೇಕು. ಬಾಣಂತನಕ್ಕೋ ಮಗು ನೋಡಿಕೊಳ್ಳಲಿಕ್ಕೋ ಆರು ತಿಂಗಳ ವೀಸಾದಲ್ಲಿ ಊರಿಂದ ಬಂದ ಅಜ್ಜಿ, ಅಮ್ಮ, ಅತ್ತೆ ಯಾರೇ ಇರಲಿ, ಕಾನೂನಿನ ಕಣ್ಣಲ್ಲಿ ಅವರೂ ಮಗುವನ್ನು ನೋಡಿಕೊಳ್ಳುವವರೇ. ಅವರನ್ನೂ ಮಾತಾಡಿಸುತ್ತಾರೆ. ದೂರು ಅವರ ಮೇಲೇ ಇರಬಹುದು, ದಾಖಲೆಯಲ್ಲಿ ಅವರ ಹೆಸರೂ ಕೂರಬಹುದು.

ದುಭಾಷಿ ಕೇಳಿ. ಕೌಂಟಿಗೆ ಫೆಡರಲ್ ಹಣ ಬರುವುದರಿಂದ, 1964ರ ನಾಗರಿಕ ಹಕ್ಕುಗಳ ಕಾಯ್ದೆಯಂತೆ ಭಾಷೆ ಬಾರದವರಿಗೆ ನೆರವಾಗುವುದು ಅವರ ಹೊಣೆ. "ಇಂಡಿಯನ್" ಅಂದಿರಾ, ಫೋನಿನ ಆ ಕಡೆ ಹಿಂದಿಯವರು ಬರುತ್ತಾರೆ. ಹಾಸನದ ಅಜ್ಜಿ ಅರ್ಧ ಅರ್ಥವಾಗಿ, ಅರ್ಧ ಅರ್ಥವಾಗದೆ ಎಲ್ಲದಕ್ಕೂ "ಹಾಂ ಹಾಂ" ಅಂತ ತಲೆಯಾಡಿಸುತ್ತಾರೆ. ಆ "ಹಾಂ" ವರದಿಯಲ್ಲಿ ಒಪ್ಪಿಗೆ ಅಂತ ದಾಖಲಾಗುತ್ತೆ. ಕನ್ನಡ ಅಂತಲೇ ಒತ್ತಿ ಹೇಳಿ, ಸಿಗುವವರೆಗೆ ಕಾಯುತ್ತೇವೆ ಅನ್ನಿ. ಮೊಮ್ಮಗನನ್ನೇ ದುಭಾಷಿ ಮಾಡಬೇಡಿ. ದೂರಿನಲ್ಲಿ ಹೆಸರಿರುವ ಮಗ ಸೊಸೆಯೂ ಬೇಡ.

ಅಜ್ಜಿಗೂ ಒಂದು ಮಾತು ತಿಳಿಸಿ ಹೇಳಿ: "ನಾವೆಲ್ಲ ಏಟು ತಿಂದೇ ಬೆಳೆದದ್ದು, ಏನಾಯ್ತೀಗ?" ಅನ್ನುವುದು ಊರ ಜಗಲಿಯ ಮೇಲೆ ಸರಿ. ಇಲ್ಲಿ ಕೇಳಿದಷ್ಟಕ್ಕೆ ಉತ್ತರ ಕೊಟ್ಟರೆ ಸಾಕು.

ಸಹಿ ಹಾಕುವ ಮುನ್ನ

ಸೇಫ್ಟಿ ಪ್ಲಾನ್ ಅಂತ ಒಂದು ಕಾಗದ ಮುಂದಿಡಬಹುದು. ಅಪ್ಪ ಕೆಲವು ದಿನ ಬೇರೆ ಕಡೆ ಇರಬೇಕು, ಅಜ್ಜಿಯೊಬ್ಬರ ಹತ್ತಿರವೇ ಮಗುವನ್ನು ಬಿಡಬಾರದು, ಹೀಗೆಲ್ಲ ಇರುತ್ತೆ. ಇದು ಒಪ್ಪಂದ, ಕೋರ್ಟಿನ ಆದೇಶ ಅಲ್ಲ. ಒಪ್ಪದಿದ್ದರೆ ಕೋರ್ಟಿಗೆ ಹೋಗುವ ಸಾಧ್ಯತೆ ಇರುವುದರಿಂದ ಸಾರಾಸಗಟಾಗಿ ಬೇಡ ಅನ್ನುವುದೂ ಜಾಣತನ ಅಲ್ಲ. ಎಷ್ಟು ದಿನ, ಯಾವತ್ತು ಮತ್ತೆ ನೋಡ್ತೀರಿ, ಮುಗಿದದ್ದು ನಮಗೆ ಹೇಗೆ ಗೊತ್ತಾಗುತ್ತೆ, ಈ ಮೂರನ್ನು ಬರೆಸಿಕೊಂಡೇ ಸಹಿ ಮಾಡಿ. ಪ್ರತಿ ಇಟ್ಟುಕೊಳ್ಳಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಬಂದವರ ಹೆಸರು, ಆಡಿದ ಮಾತು ಬರೆದಿಡಿ. ಮುಂದೆ ಇದೇ ನಿಮ್ಮ ಕೈ ಹಿಡಿಯುವುದು.

ಮಗುವನ್ನು ಕರೆದುಕೊಂಡೇ ಹೋದರೆ ಏನು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಕೌಂಟಿ 48 ಗಂಟೆಯೊಳಗೆ, ಕೋರ್ಟಿನ ರಜಾ ದಿನ ಬಿಟ್ಟು, ಅರ್ಜಿ ಹಾಕಬೇಕು. ಅದರ ಮರುದಿನ ಕೋರ್ಟು ತೆರೆದಾಗ ಮೊದಲ ವಿಚಾರಣೆ. ಹಣವಿಲ್ಲದವರಿಗೆ ಕೋರ್ಟೇ ವಕೀಲರನ್ನು ಕೊಡುತ್ತೆ. ಮಗುವನ್ನು ಯಾರ ಮನೆಯಲ್ಲಿ ಇಡುವುದು ಅಂತ ನೋಡುವಾಗ ನೆಂಟರಿಗೆ ಆದ್ಯತೆ. ಚಿಕ್ಕಮ್ಮ ಚಿಕ್ಕಪ್ಪ ಯಾರೂ ಈ ದೇಶದಲ್ಲಿ ಇಲ್ಲ ಅಂದರೆ, ಮಗುವಿಗೆ ಚೆನ್ನಾಗಿ ಒಗ್ಗಿದ ಸ್ನೇಹಿತರ ಮನೆಯೂ ಆಗಬಹುದು. ಅಂಥ ಎರಡು ಮೂರು ಮನೆಯವರ ಹೆಸರು, ಫೋನ್ ನಂಬರ್ ಅದೇ ದಿನ ಕೊಡಿ. ಅವರ ಹಿನ್ನೆಲೆಯನ್ನೂ ತಪಾಸಣೆ ಮಾಡುತ್ತಾರೆ. ಮಗು ಭಾರತದ ಪ್ರಜೆಯಾಗಿದ್ದರೆ ಸ್ಯಾನ್ ಫ್ರಾನ್ಸಿಸ್ಕೋದ ಭಾರತೀಯ ಕಾನ್ಸುಲೇಟ್‌ಗೆ ತಿಳಿಸಿ. ಅವರು ಕೋರ್ಟನ್ನು ನಿಲ್ಲಿಸಲಾರರು, ಆದರೆ ಕೇಸಿನ ಮೇಲೆ ಒಂದು ಕಣ್ಣು ಇಡಬಹುದು.

ಮೂರು ತೀರ್ಮಾನ, ಒಂದು ಪಟ್ಟಿ

ಮೊದಲ ಭೇಟಿಯಾಗಿ ಸುಮಾರು 30 ದಿನದೊಳಗೆ ತನಿಖೆ ಮುಗಿಯಬೇಕು. ಮುಗಿದಾಗ ಮೂರರಲ್ಲಿ ಒಂದು ಮುದ್ರೆ ಬೀಳುತ್ತೆ. 'ಅನ್‌ಫೌಂಡೆಡ್': ಆರೋಪ ಸುಳ್ಳು, ಅಥವಾ ಆಕಸ್ಮಿಕ, ಅಥವಾ ಅದು ದೌರ್ಜನ್ಯವೇ ಅಲ್ಲ. 'ಇನ್‌ಕನ್‌ಕ್ಲೂಸಿವ್': ಹೌದು ಅನ್ನಲೂ ಸಾಕ್ಷಿ ಸಾಲದು, ಸುಳ್ಳು ಅನ್ನಲೂ ಆಗದು. 'ಸಬ್‌ಸ್ಟ್ಯಾನ್ಶಿಯೇಟೆಡ್': ನಡೆದಿರುವ ಸಾಧ್ಯತೆಯೇ ಹೆಚ್ಚು. ಕ್ರಿಮಿನಲ್ ಕೇಸಿನಲ್ಲಿ ಬೇಕಾಗುವ ಮಟ್ಟದ ಪುರಾವೆ ಇದಕ್ಕೆ ಬೇಕಿಲ್ಲ. ನ್ಯಾಯಾಧೀಶರೂ ಬೇಕಿಲ್ಲ, ಸೋಶಿಯಲ್ ವರ್ಕರ್ ಮತ್ತು ಅವರ ಮೇಲಧಿಕಾರಿ ಸೇರಿ ಬರೆದರೆ ಆಯಿತು.

ಮೂರನೆಯ ಮುದ್ರೆ ಬಿದ್ದರೆ ಹೆಸರು ರಾಜ್ಯದ ನ್ಯಾಯ ಇಲಾಖೆ ಇಟ್ಟಿರುವ ಚೈಲ್ಡ್ ಅಬ್ಯೂಸ್ ಸೆಂಟ್ರಲ್ ಇಂಡೆಕ್ಸ್‌ಗೆ ಹೋಗುತ್ತೆ. ಜನ ಅದನ್ನು 'ಕೇಸಿ' ಅನ್ನುತ್ತಾರೆ. 1965ರಿಂದ ಇರುವ ಪಟ್ಟಿ ಇದು. ಮೊದಲೆಲ್ಲ 'ಇನ್‌ಕನ್‌ಕ್ಲೂಸಿವ್' ಆದವರೂ ಅದರಲ್ಲಿ ಇರುತ್ತಿದ್ದರು. 2012ರಿಂದ 'ಸಬ್‌ಸ್ಟ್ಯಾನ್ಶಿಯೇಟೆಡ್' ಮಾತ್ರ. ಸಾಮಾನ್ಯ ನಿರ್ಲಕ್ಷ್ಯದ ಪ್ರಕರಣಗಳೂ ಅದಕ್ಕೆ ಹೋಗುವುದಿಲ್ಲ, ತೀವ್ರ ನಿರ್ಲಕ್ಷ್ಯ ಆಗಿರಬೇಕು. 2023ರಿಂದ ಬಡತನ ಒಂದೇ ಕಾರಣಕ್ಕೆ ಅದನ್ನು ನಿರ್ಲಕ್ಷ್ಯ ಅನ್ನುವಂತೆಯೂ ಇಲ್ಲ.

ದೊಡ್ಡವರ ಹೆಸರು ಅಲ್ಲಿ ಎಷ್ಟು ಕಾಲ ಇರುತ್ತೆ ಗೊತ್ತಾ? 100 ವರ್ಷ ತುಂಬುವವರೆಗೆ. 35ನೇ ವಯಸ್ಸಿನಲ್ಲಿ ಸೇರಿದರೆ ಇನ್ನು 65 ವರ್ಷ. ಕ್ರಿಮಿನಲ್ ಕೇಸ್ ಆಗದೆ ಇರಬಹುದು, ಪೊಲೀಸರು ತಿರುಗಿಯೂ ನೋಡದೆ ಇರಬಹುದು. ಆದರೂ ಹೆಸರು ಅಲ್ಲೇ ಇರುತ್ತೆ.

ಪಟ್ಟಿಗೆ ಹೋಗದ ಪ್ರಕರಣವೂ ಪೂರ್ತಿ ಅಳಿಸಿಹೋಗುವುದಿಲ್ಲ. ಕೌಂಟಿಯ ಕಡತದಲ್ಲಿ ಇರುತ್ತೆ. ಎರಡು ವರ್ಷದ ಮೇಲೆ ಇನ್ನೊಂದು ಕರೆ ಬಂದರೆ, ಬರುವವರು ಹಳೆಯದನ್ನು ಓದಿಕೊಂಡೇ ಬರುತ್ತಾರೆ.

ಆ ಕಾಗದ

ಪಟ್ಟಿಗೆ ಹೆಸರು ಕಳಿಸಿದರೆ ಕೌಂಟಿ ನಿಮಗೆ ತಿಳಿಸಲೇಬೇಕು. ಲಕೋಟೆಯಲ್ಲಿ ಮೂರು ಫಾರಂ ಇರುತ್ತವೆ. ಎಸ್‌ಒಸಿ 832 ಅನ್ನುವುದು ನೋಟಿಸ್. 833ರಲ್ಲಿ ತಕರಾರು ಸಲ್ಲಿಸುವ ಕ್ರಮ ಇದೆ. 834 ನೀವು ತುಂಬಿ ಕಳಿಸಬೇಕಾದ ಅರ್ಜಿ. ಒಂದೊಂದು ಸಲ ಕೆಲವರು ಮೊದಲ ಹಾಳೆ ಓದಿ, "ತನಿಖೆ ಮುಗಿದಿದೆ ಅಂತ ಬರೆದಿದ್ದಾರೆ" ಅಂತ ನೆಮ್ಮದಿಯಿಂದ ಮಡಚಿಡುತ್ತಾರೆ. ಹಾಳೆಯ ಮೇಲ್ಗಡೆಯ ದಿನಾಂಕ ನೋಡಿ. ಆ ದಿನಾಂಕದಿಂದ 30 ದಿನದೊಳಗೆ 834 ಕೌಂಟಿಗೆ ತಲುಪಬೇಕು. ವಾರಾಂತ್ಯ, ಹಬ್ಬ ಎಲ್ಲ ಸೇರಿ 30. ತಪ್ಪಿಸಿಕೊಂಡರೆ ಹಕ್ಕು ಬಿಟ್ಟುಕೊಟ್ಟ ಹಾಗೆ. ಕೊನೆಯ ದಿನದವರೆಗೆ ಕಾಯದೆ, ರಸೀದಿ ಬರುವ ಅಂಚೆಯಲ್ಲಿ ಮೊದಲ ವಾರವೇ ಕಳಿಸಿ. ವಕೀಲರು ಸಿಗುವವರೆಗೆ ಕಾಯಬೇಡಿ, ಅರ್ಜಿ ಮೊದಲು, ವಕೀಲರು ಆಮೇಲೆ.

ಅಜ್ಜಿಯ ತೊಂದರೆ ಮತ್ತೆ ಇಲ್ಲೇ ಬರುತ್ತೆ. ಅವರ ಹೆಸರಿನ ಕಾಗದ ಮಗನ ಮನೆಗೆ ಬರುವ ಹೊತ್ತಿಗೆ ಅಜ್ಜಿ ದಾವಣಗೆರೆಯಲ್ಲಿ ಇರಬಹುದು. ದಿನ ಎಣಿಕೆ ನಿಲ್ಲುವುದಿಲ್ಲ. ಅವರ ಲಕೋಟೆ ತೆರೆದು ಫೋಟೋ ಕಳಿಸಿ, ಸಹಿ ಮಾಡಿಸಿ, ಗಡುವಿನೊಳಗೆ ಅರ್ಜಿ ಹಾಕಿಸಿ. ವಿಚಾರಣೆಯಲ್ಲಿ ಅವರು ಭಾಗವಹಿಸುವುದು ಹೇಗೆ ಅಂತ ಕೌಂಟಿಯನ್ನು ಆಮೇಲೆ ಕೇಳಬಹುದು.

ಅರ್ಜಿ ತಲುಪಿ 60 ದಿನದೊಳಗೆ ವಿಚಾರಣೆ ಆಗಬೇಕು. ಇದು ಕೋರ್ಟ್ ಅಲ್ಲ, ಕೌಂಟಿ ಕಚೇರಿಯ ಒಂದು ಕೋಣೆ. ನಿಮ್ಮ ತನಿಖೆಯಲ್ಲಿ ಕೈಯಾಡಿಸದ ಬೇರೊಬ್ಬ ಅಧಿಕಾರಿ ಕೂರುತ್ತಾರೆ, ಮಾತೆಲ್ಲ ರೆಕಾರ್ಡ್ ಆಗುತ್ತೆ. ಹೆಸರು ಸೇರಿಸಿದ್ದು ಸರಿ ಅಂತ ತೋರಿಸುವುದು ಕೌಂಟಿಯ ಹೊಣೆ, ಮೊದಲು ಮಾತಾಡುವುದೂ ಅವರೇ. ವಿಚಾರಣೆಗೆ 10 ಕೆಲಸದ ದಿನ ಮುಂಚೆ ಎರಡೂ ಕಡೆಯವರು ತಮ್ಮ ಸಾಕ್ಷ್ಯವನ್ನು ಇನ್ನೊಬ್ಬರಿಗೆ ತೋರಿಸಬೇಕು. ಆಗ ನಿಮ್ಮ ನೋಟ್‌ಬುಕ್ಕು, ಡಾಕ್ಟರ ಚಾರ್ಟಿನ ಮಚ್ಚೆಯ ಸಾಲು, ದುಭಾಷಿ ಇರಲಿಲ್ಲ ಅನ್ನುವ ಟಿಪ್ಪಣಿ ಎಲ್ಲ ಹೊರತೆಗೆಯಿರಿ. ವಕೀಲರನ್ನು ಕರೆದೊಯ್ಯಬಹುದು, ಖರ್ಚು ನಿಮ್ಮದೇ. ಕೊನೆಯ ತೀರ್ಮಾನ ಕೌಂಟಿಯ ನಿರ್ದೇಶಕರದ್ದು. ಅಲ್ಲೂ ಸೋತರೆ ಸುಪೀರಿಯರ್ ಕೋರ್ಟಿಗೆ ಹೋಗಬಹುದು. ಮಕ್ಕಳ ಕೋರ್ಟಿನಲ್ಲಿ ಅದೇ ಆರೋಪದ ಕೇಸ್ ನಡೆಯುತ್ತಿದ್ದರೆ ಮಾತ್ರ ಈ ವಿಚಾರಣೆ ಸಿಗುವುದಿಲ್ಲ. ಅಲ್ಲಿ ಆರೋಪ ನಿಜ ಅಂತ ತೀರ್ಮಾನವಾದರೆ ಆಮೇಲೂ ಸಿಗುವುದಿಲ್ಲ.

ಈ ವ್ಯವಸ್ಥೆ ಸುಮ್ನೆ ಬಂದದ್ದಲ್ಲ. ಕೋರ್ಟೇ ನಿರ್ದೋಷಿಗಳು ಅಂದ ಒಂದು ದಂಪತಿಯ ಹೆಸರೂ ಈ ಪಟ್ಟಿಯಲ್ಲಿ ಉಳಿದುಬಿಟ್ಟಿತ್ತು, ತೆಗೆಸಲು ದಾರಿಯೇ ಇರಲಿಲ್ಲ. ಪ್ರಶ್ನಿಸಲು ಅವಕಾಶ ಕೊಡದೆ ಹೀಗೆ ಹೆಸರು ಇಟ್ಟುಕೊಳ್ಳುವುದು ಸಂವಿಧಾನಕ್ಕೆ ವಿರುದ್ಧ ಅಂತ 2009ರ ಹೊತ್ತಿಗೆ ಫೆಡರಲ್ ಮೇಲ್ಮನವಿ ಕೋರ್ಟ್ ಹೇಳಿತು.

ಯಾರಿಗೆ ಕಾಣುತ್ತೆ, ಯಾರಿಗೆ ಇಲ್ಲ

ಈ ಪಟ್ಟಿ ಸಾರ್ವಜನಿಕ ಅಲ್ಲ. ಸಾಫ್ಟ್‌ವೇರ್ ಕಂಪನಿ ಕೆಲಸಕ್ಕೆ ಸೇರಿಸಿಕೊಳ್ಳುವಾಗ ಮಾಡಿಸುವ ಮಾಮೂಲಿ ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಇದು ಬರುವುದಿಲ್ಲ. ಬರುವುದು ಮಕ್ಕಳಿಗೆ ಸಂಬಂಧಿಸಿದ ಕಡೆ: ಡೇಕೇರ್ ಲೈಸೆನ್ಸ್, ಮಕ್ಕಳನ್ನು ನೋಡಿಕೊಳ್ಳುವವರ ಟ್ರಸ್ಟ್‌ಲೈನ್ ನೋಂದಣಿ, ದತ್ತು, ಫಾಸ್ಟರ್ ಕೇರ್ (ಬೇರೆಯವರ ಮಕ್ಕಳನ್ನು ತಾತ್ಕಾಲಿಕವಾಗಿ ಸಾಕುವುದು). ಎಚ್-4 (ಗಂಡನ ಕೆಲಸದ ವೀಸಾಕ್ಕೆ ಅವಲಂಬಿತರ) ವೀಸಾದಿಂದ ಗ್ರೀನ್ ಕಾರ್ಡ್‌ಗೆ ಬಂದ ಮೇಲೆ ಮನೆಯಲ್ಲೇ ಡೇಕೇರ್ ತೆರೆಯಬೇಕು ಅಂತಿರುವ ನಮ್ಮ ಹೆಣ್ಣುಮಕ್ಕಳಿಗೆ ಪೆಟ್ಟು ಬೀಳುವುದು ಇಲ್ಲೇ. ರಾಜ್ಯ ಬದಲಿಸಿದರೂ ತಪ್ಪುವುದಿಲ್ಲ. ದತ್ತು ಮತ್ತು ಡೇಕೇರ್ ವಿಷಯದಲ್ಲಿ ಹಿಂದಿನ 5 ವರ್ಷ ಇದ್ದ ಎಲ್ಲ ರಾಜ್ಯಗಳ ಪಟ್ಟಿಯನ್ನೂ ನೋಡಬೇಕು ಅನ್ನುತ್ತೆ ಫೆಡರಲ್ ಕಾನೂನು.

ವೀಸಾ, ಗ್ರೀನ್ ಕಾರ್ಡ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಪಟ್ಟಿಯಲ್ಲಿ ಹೆಸರಿರುವುದು ಶಿಕ್ಷೆ ಅಲ್ಲ, ಅಪರಾಧ ಸಾಬೀತಾದ ಹಾಗೂ ಅಲ್ಲ. ಆದರೆ ಪೊಲೀಸ್ ಕೇಸ್ ಆಗಿ, ಮಕ್ಕಳ ದೌರ್ಜನ್ಯದ ಅಪರಾಧ ಅಂತ ಶಿಕ್ಷೆಯಾದರೆ, ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಕಳಿಸಬಹುದು. "ತಪ್ಪು ಒಪ್ಪಿಕೊಂಡರೆ ಜೈಲು ಇಲ್ಲ, ಬರೀ ಕ್ಲಾಸು" ಅಂತ ಸರ್ಕಾರಿ ವಕೀಲರ ಕಡೆಯಿಂದ ಮಾತು ಬಂದಾಗ ಕೂಡಲೇ ತಲೆಯಾಡಿಸಬೇಡಿ. ವಲಸೆಗೆ ಅದರಿಂದ ಏನಾಗುತ್ತೆ ಅಂತ ಕಕ್ಷಿದಾರರಿಗೆ ತಿಳಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಕೇಳಿ, ಬೇಕಾದರೆ ವಲಸೆ ವಕೀಲರನ್ನೂ ಕೇಳಿ.

ಬೇರೆ ರಾಜ್ಯದಲ್ಲಿರುವವರು ಮುದ್ರೆಯ ಹೆಸರನ್ನೂ ಗಡುವನ್ನೂ ತಮ್ಮ ರಾಜ್ಯದ ಪ್ರಕಾರ ನೋಡಿಕೊಳ್ಳಿ. ನ್ಯೂಯಾರ್ಕ್‌ನಲ್ಲಿ 'ಇಂಡಿಕೇಟೆಡ್' ಅನ್ನುತ್ತಾರೆ, ಅಲ್ಲಿ ತನಿಖೆಗೆ 60 ದಿನ. ಟೆಕ್ಸಸ್‌ನಲ್ಲಿ 'ರೀಸನ್ ಟು ಬಿಲೀವ್'.

ಹಳೆಯದೇನಾದರೂ ಇದ್ದು, ಕಾಗದ ಬಂದಿತ್ತೋ ಇಲ್ಲವೋ ನೆನಪಿಲ್ಲ ಅಂದರೆ, ಕ್ಯಾಲಿಫೋರ್ನಿಯಾದಲ್ಲಿ ನೀವೇ ವಿಚಾರಿಸಬಹುದು. ರಾಜ್ಯದ ನ್ಯಾಯ ಇಲಾಖೆಯ ವಿಚಾರಣಾ ಫಾರಂ ತುಂಬಿ, ನೋಟರಿ ಮುಂದೆ ಸಹಿ ಮಾಡಿ ಅಂಚೆಯಲ್ಲಿ ಕಳಿಸಬೇಕು. ಹೆಸರಿದ್ದರೆ ಯಾವ ಕೌಂಟಿ ಕಳಿಸಿದ್ದು ಅಂತ ಉತ್ತರದಲ್ಲಿ ತಿಳಿಸುತ್ತಾರೆ. ಇಲಾಖೆ ತಾನಾಗಿ ಹೆಸರು ತೆಗೆಯುವುದಿಲ್ಲ, ಆ ಕೌಂಟಿಯಿಂದಲೇ ತೆಗೆಸಬೇಕು. ನೋಟಿಸ್ ಬಂದೇ ಇರಲಿಲ್ಲ ಅಂದರೆ, ಆ ಉತ್ತರ ಕೈಗೆ ಬಂದ ದಿನವೇ 834 ಫಾರಂ ಕೇಳಿ ಕೌಂಟಿಗೆ ಬರೆಯಿರಿ.